ಗಾಳಿಯಂತ್ರಕ್ಕೆ ಉಡಿ ತುಂಬಿ ಕಳಿಸಿದ್ದು

ಗಾಳಿ ಬೀಸದ ದಿನವೂ ನನಗೆ ಸಂಬಳವಿತ್ತು. ಊರಿನವರಿಗೆ ಎಲ್ಲಕ್ಕಿಂತ ಹೆಚ್ಚು ನಗು ತರಿಸಿದ್ದು ಇದೇ. "ಶರಣಮ್ಮ, ಇವತ್ತ ಗಾಳಿಗೆ ಸೂಟಿ ಅದ, ನೀನೂ ಸೂಟಿ ತಗೋ" ಎಂದು ದನ ಹೊಡೆದುಕೊಂಡು ಹೋಗುವವರು ಕೂಗುತ್ತಿದ್ದರು. ನನಗೆ ಸೂಟಿ ಇರಲಿಲ್ಲ. ಬೀಸದಿದ್ದರೆ ಬೀಸಲಿಲ್ಲ ಎಂದು ಬರೆಯುವುದೂ ಕೆಲಸವೇ ಆಗಿತ್ತು.

ಈಗ ಗಾಳಿ ವಿದ್ಯುತ್ತಿನ ಕಂಪನಿಗಳಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಜೀಪಿನಲ್ಲಿ ಬರುತ್ತಾರೆ. ನನ್ನ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಾರೆ. ಜಾಗ ಎಲ್ಲಿ ಸಿಗುತ್ತದೆ, ಸಾಲ ಯಾರು ಕೊಡುತ್ತಾರೆ, ಊರಿನವರು ಒಪ್ಪುತ್ತಾರೋ ಇಲ್ಲವೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ನಮ್ಮ ಕಾಲದಲ್ಲೂ ಇವೇ ಮೂರು ಚಿಂತೆ. ಯಂತ್ರ ಮಾತ್ರ ಸಣ್ಣದು, ನೀರೆತ್ತುವುದು. ಆ ಮಕ್ಕಳಿಗೆಂದು ಇಷ್ಟು ಬರೆಯುತ್ತಿದ್ದೇನೆ. ನಾನು ಓದಿದ್ದು ಶಹಾಬಾದದಲ್ಲಿ, ಏಳನೆಯ ಇಯತ್ತೆಯವರೆಗೆ. ಚಂದ ಮಾಡಿ ಬರೆಯಲು ಬರುವುದಿಲ್ಲ. ಶಿವ ನೆನಪು ಕೊಟ್ಟಿದ್ದಾನೆ, ಅದೇ ಸಾಕು.

ಅಪ್ಪ ಶಹಾಬಾದದ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿದ್ದ. ಅಲ್ಲಿ ಹುಟ್ಟಿ ಬೆಳೆದವರಿಗೆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಬೆಳಗಾದರೆ ಕಲ್ಲು ಕೊಯ್ಯುವ ಗರಗರ, ಪಕ್ಕದ ಮನೆಯ ರಝಿಯಾಬಿಯ ಬೈಗುಳ, ಲಾರಿಗಳ ಹಾರ್ನು. ಅಂಥ ಕಡೆಯಿಂದ ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಚಿಂಚೋಳಿ ತಾಲ್ಲೂಕಿನ ಒಂದು ಸಣ್ಣ ಊರಿಗೆ. ಊರಿಗೂ ಅಲ್ಲ, ಊರ ಪಡುವಣಕ್ಕಿರುವ ಗುಡ್ಡದ ಹೆಗಲಿನ ಮೇಲಿದ್ದ ಒಂಟಿ ಮನೆಗೆ. ನಮ್ಮವರು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬಂದರೆ ಬಂದರು. ಅತ್ತೆ ಇರುವತನಕ ಬೈಯಲಿಕ್ಕಾದರೂ ಒಂದು ಬಾಯಿ ಇತ್ತು. ಅವರೂ ತೀರಿಕೊಂಡರು. ಮಕ್ಕಳಾಗಲಿಲ್ಲ. ಮನೆಯ ಮುಂದೆ ಸರ್ಕಾರದವರು ಕೊರೆಸಿದ ಒಂದು ಬೋರಿಗೆ ಕೈಪಂಪು ಹಾಕಿದ್ದರು. ನೀರು ಭಾಳ ಆಳ, ಹಿಡಿಕೆ ಒತ್ತಿದರೆ ಎದೆಯೇ ಬಾಯಿಗೆ ಬರುತ್ತಿತ್ತು. ಒಂದೆರಡು ತಿಂಗಳು ಹೆಣ್ಣುಮಕ್ಕಳು ಬಂದರು, ಆಮೇಲೆ ಬಿಟ್ಟರು. ಊರಿನವರೆಲ್ಲ ಕೆಳಗೆ ಕಣದ ಹತ್ತಿರದ ಬಾವಿಗೇ ಹೋಗುತ್ತಿದ್ದರು. ಬೆಳಗಿನ ಪೂಜೆಯಲ್ಲಿ ನಾನು ಗಂಟೆಯನ್ನು ಸ್ವಲ್ಪ ಜೋರಾಗಿಯೇ ಬಾರಿಸುತ್ತಿದ್ದೆ. ದೇವರಿಗೆ ಕೇಳಲಿ ಎಂದಷ್ಟೇ ಅಲ್ಲ, ನನಗೂ ಏನಾದರೊಂದು ಕೇಳಲಿ ಎಂದು.

ಎಂಬತ್ತರ ದಶಕ ಶುರುವಾದ ಕಾಲ. ಸೇಡಂನಲ್ಲಿ ಒಂದು ಸಂಸ್ಥೆಯ ಕಚೇರಿ ತೆರೆದಿತ್ತು. ಎಲ್ಲಿ ಗಾಳಿ ಇದೆ ಎಂದು ನೋಡುವುದು, ಅಲ್ಲಿಯ ರೈತರ ಸಂಘ ಕಟ್ಟುವುದು, ಬ್ಯಾಂಕಿನಿಂದ ಸಾಲ, ಸರ್ಕಾರದಿಂದ ಸಬ್ಸಿಡಿ ಕೊಡಿಸಿ ನೀರೆತ್ತುವ ಗಾಳಿಯಂತ್ರ ನಿಲ್ಲಿಸುವುದು ಅವರ ಕೆಲಸ. ಅದರ ಇಂಜಿನಿಯರ್ ದೇಸಾಯಿ ಸಾಹೇಬರು. ಸಣಕಲು ಮನುಷ್ಯ, ಅವರು ಗುಡ್ಡ ಹತ್ತಿ ಬಂದ ದಿನ ಗಾಳಿ ಅವರ ಟೊಪ್ಪಿಗೆಯನ್ನು ಹಾರಿಸಿಕೊಂಡು ಬಂದು ನನ್ನ ಅಂಗಳದ ತುಳಸಿಗೆ ತೊಡಿಸಿತ್ತು. ತೆಗೆದುಕೊಳ್ಳಲು ಬಂದವರು ಅಲ್ಲೇ ನಿಂತುಬಿಟ್ಟರು.

"ತಾಯಿ, ಇಲ್ಲಿ ದಿನಾ ಹಿಂಗೇ ಗಾಳಿ ಇರ್ತದೇನ್ರಿ?"

"ನನಗೇನ್ ಗೊತ್ತರಿ ಸಾಹೇಬ್ರ. ಹಪ್ಪಳ ಒಣಗಿಸೋ ದಿನಾ ಅಂತೂ ಖರೇನ ಇರ್ತದ."

ಅವರು ನಕ್ಕರು. ಮುಂದಿನ ವಾರ ಮನೆಯ ಹಿಂದೆ ಕಬ್ಬಿಣದ ಕಂಬ ಬಂತು. ಅದರ ತುದಿಯಲ್ಲಿ ಗಾಳಿಗೆ ತಿರುಗುವ ಬಟ್ಟಲುಗಳು, ಕೆಳಗೆ ಅಂಕಿ ತೋರಿಸುವ ಒಂದು ಪೆಟ್ಟಿಗೆ. ಬೆಳಗೊಮ್ಮೆ ಸಂಜೆಗೊಮ್ಮೆ ಅಂಕಿ ನೋಡಿ ಬರೆಯಲು ಓದುಬರಹ ಬಲ್ಲ, ಮನೆ ಬಿಟ್ಟು ಹೋಗದ ಒಬ್ಬರು ಬೇಕಿತ್ತು. ಮನೆ ಬಿಟ್ಟು ಹೋಗದಿರುವುದರಲ್ಲಿ ನನ್ನನ್ನು ಮೀರಿಸುವವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

ಕಂಬ ನಿಲ್ಲಿಸಿದ್ದು ಶಹಾಬಾದದ ಮಹಬೂಬ್ ಮಿಸ್ತ್ರಿ. ನಮ್ಮ ತವರಿನ ಓಣಿಯವನು ಎಂದು ತಿಳಿದು ನನಗೆ ಹಬ್ಬವಾಯಿತು. ಅವನು ಎಲ್ಲ ಕೆಲಸಕ್ಕೂ ಬಿಸ್ಮಿಲ್ಲಾ ಎಂದೇ ಕೈ ಹಚ್ಚುವವನು. ಕಂಬ ಏರಿಸುವ ಮುಂಚೆ ದೃಷ್ಟಿ ತಾಗಬಾರದೆಂದು ಬಟ್ಟಲಿನ ಕಡ್ಡಿಗೆ ದರ್ಗಾದ ದಾರ ಕಟ್ಟಿದ. ಅವನು ಕೆಳಗಿಟ್ಟು ಬೀಡಿ ಸೇದಲು ಹೋದಾಗ ನಾನು ಇನ್ನೊಂದು ಕಡ್ಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಕಂಬ ಏರಿತು. ಬಟ್ಟಲುಗಳು ಕುಂಟು ಎತ್ತಿನಂತೆ ತೊನೆಯುತ್ತ ತಿರುಗತೊಡಗಿದವು. ದೇಸಾಯಿ ಸಾಹೇಬರು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ಮಹಬೂಬ್, ಏನ್ ಜೋತಾಡ್ಲಿಕತ್ತದ ಅಲ್ಲಿ?" ಎಂದರು.

"ನಂದು ದಾರ ಅಷ್ಟೇ ಸಾಬ್. ನಿಂಬೆಹಣ್ಣು ಅಮ್ಮಾಂದು."

"ಇಬ್ಬರ ದೇವ್ರೂ ಕೂಡಿ ನನ್ನ ಗಾಳಿ ಕೆಡಿಸಿದ್ರಲ್ರಪ್ಪಾ!"

ಕಂಬ ಇಳಿಸಿ ಮತ್ತೆ ಏರಿಸಿದರು. ದಾರವನ್ನೂ ನಿಂಬೆಯನ್ನೂ ಕಂಬದ ಬುಡಕ್ಕೆ ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟರು. ಮಕ್ಕಳೇ, ಇದು ನಾನು ಕಲಿತ ಮೊದಲ ಪಾಠ: ದೇವರು ಬುಡದಲ್ಲಿರಲಿ, ತಿರುಗುವುದಕ್ಕೆ ಏನನ್ನೂ ಕಟ್ಟಬೇಡಿ.

ಕಂಬ ಬಂದ ಮೇಲೆ ನನ್ನ ದಿನಕ್ಕೆ ಒಂದು ಆಕಾರ ಬಂತು. ಬೆಳಿಗ್ಗೆ ಪೂಜೆ, ಆಮೇಲೆ ಅಂಕಿ, ಆಮೇಲೆ ರೊಟ್ಟಿ. ಗಾಳಿ ಜೋರಾದರೆ ಕಂಬ ಹಿಡಿದ ತಂತಿಗಳು ಸುಂಯ್ ಎನ್ನುತ್ತಿದ್ದವು. ಮನೆಯಲ್ಲಿ ಯಾರೋ ಇದ್ದಾರೆ ಎನಿಸುತ್ತಿತ್ತು. ಇಷ್ಟು ಸಾಕು ಶಿವಾ ಎಂದುಕೊಳ್ಳುತ್ತಿದ್ದೆ; ಸಾಕಾಗುತ್ತಿರಲಿಲ್ಲ. ನನ್ನ ಆಸೆ ಬೇರೆಯೇ ಇತ್ತು. ಗಾಳಿ ಚೆನ್ನಾಗಿದೆ ಎಂದು ತೀರ್ಮಾನವಾದರೆ ಗಾಳಿಯಂತ್ರವನ್ನು ನನ್ನ ಮನೆಯ ಮುಂದಿನ ಬೋರಿನ ಮೇಲೇ ನಿಲ್ಲಿಸುತ್ತಾರೆ. ನೀರು ತಾನಾಗಿ ಮೇಲೆ ಬಂದರೆ ಹೆಣ್ಣುಮಕ್ಕಳು ಕೊಡ ಹೊತ್ತು ಬರುತ್ತಾರೆ. ಬಂದವರು ಸುಮ್ಮನೆ ಇರುತ್ತಾರೆಯೇ? ಜಗಳವಾಡುತ್ತಾರೆ, ನಗುತ್ತಾರೆ, ಸೊಸೆಯರನ್ನು ಬೈಯುತ್ತಾರೆ. ಗಂಟೆ ಜೋರಾಗಿ ಬಾರಿಸುವ ಕಷ್ಟ ನನಗೆ ತಪ್ಪುತ್ತದೆ.

ವರ್ಷ ತುಂಬಿತು. ಗಾಳಿ ಸಾಕಷ್ಟಿದೆ ಎಂದು ಸಾಹೇಬರು ಹೇಳಿದರು. ಸಾಲ ಕೊಡುವ ಮುಂಚೆ ನೋಡಿಹೋಗಲು ಬ್ಯಾಂಕಿನ ಮ್ಯಾನೇಜರ್ ಜೋಶಿಯವರು ಬಂದರು. ಅವತ್ತೇ ಗಾಳಿ ಸತ್ತಂತೆ ಮಲಗಿತ್ತು. ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಕಂಬದ ಬಟ್ಟಲುಗಳ ಮೇಲೆ ಒಂದು ಕಾಗೆ ಆರಾಮಾಗಿ ಕೂತಿತ್ತು.

"ಎಲ್ಲಿ ಅದರಿ ನಿಮ್ಮ ಗಾಳಿ? ತೋರಸ್ರಿ" ಎಂದರು ಜೋಶಿಯವರು.

ಊರ ಹಿರಿಯರಾದ ಶಿವರಾಯಪ್ಪ ಮುತ್ಯಾ ಹೆಗಲ ಮೇಲಿನ ಟವೆಲ್ ಕೊಡವಿ ಹೇಳಿದರು: "ಬ್ಯಾಂಕಿನವ್ರು ಬರ್ಲಿಕತ್ತಾರಂತ ಗಾಳಿಗಿ ಗೊತ್ತಾತು ನೋಡ್ರಿ. ನಮ್ಮೂರ ಮಂದೀನೂ ಹಿಂಗೇ, ನೀವು ವಸೂಲಿಗೆ ಬಂದ್ರ ಒಬ್ಬರೂ ಕಾಣಂಗಿಲ್ಲ."

ಜೋಶಿಯವರು ನಕ್ಕರೂ ಬಿಡಲಿಲ್ಲ. "ಎಮ್ಮಿಗೆ ಸಾಲ ಕೊಟ್ರ ಹಲ್ಲು ನೋಡ್ತೀನಿ. ಬಾವಿಗೆ ಕೊಟ್ರ ಇಣುಕಿ ನೋಡ್ತೀನಿ. ಇದಕ್ಕ ಏನ್ ನೋಡ್ಲಿ? ನಾಳೆ ನೀವು ಕಟ್ಟಲಿಲ್ಲಂದ್ರ ಗಾಳಿ ಜಪ್ತಿ ಮಾಡ್ಲಿಕ್ಕ ಬರ್ತದೇನ್ರಿ?" ಎಂದರು. ಆಮೇಲೆ ಇನ್ನೊಂದು ಮಾತು ಕೇಳಿದರು. "ನಿಮಗ ನೀರಿನ ತ್ರಾಸ ಯಾವ ತಿಂಗಳದಾಗ? ಗಾಳಿ ಬರೋದು ಯಾವ ತಿಂಗಳದಾಗ? ಎರಡೂ ಕೂಡಿ ಬರ್ತಾವೇನು?"

"ವರ್ಷಾ ಪೂರ್ತಿ ಬರ್ತದರಿ" ಎಂದು ಎಲ್ಲರೂ ಒಂದೇ ಬಾಯಿಯಲ್ಲಿ ಅಂದರು. ಎಷ್ಟೋ ವರ್ಷ ಈ ಕೆಲಸ ಮಾಡಿದ ಮೇಲೆ ಹೇಳುತ್ತಿದ್ದೇನೆ: ಅಂದು ಆ ಅಂಗಳದಲ್ಲಿ ಕೇಳಿದ ಒಂದೇ ಸರಿಯಾದ ಪ್ರಶ್ನೆ ಅದು. ಅದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಸಾಲ ಮಂಜೂರಾಯಿತು. ಜಾಗದ ಮಾತು ಬಂದಾಗ ಮುತ್ಯಾ ಕಣದ ಬಾವಿಯನ್ನೇ ಹಿಡಿದರು. "ಗಾಳಿ ಅಂದ್ರ ಕಣ. ಕಣದಾಗ ಗಾಳಿ ಇರ್ಲಿಕ್ಕಂದ್ರ ನಮ್ಮ ಅಪ್ಪ, ಅಜ್ಜ ರಾಶಿ ಹೆಂಗ ಮಾಡಿದ್ರು? ಜೋಳ ಹೆಂಗ ತೂರಿದ್ರು?" ಈ ಮಾತಿಗೆ ಎದುರಾಡುವವರು ಯಾರು? ನನಗೂ ಅದು ಸರಿಯೆಂದೇ ತೋರಿತು, ನನ್ನ ಬೋರಿನ ಆಸೆ ಮುರಿದರೂ. ದೇಸಾಯಿ ಸಾಹೇಬರು ಮಾತ್ರ, "ಗುಡ್ಡದ ಗಾಳಿ ಬ್ಯಾರೆ, ಕಣದ ಗಾಳಿ ಬ್ಯಾರೆ. ಇನ್ನೊಂದು ವರ್ಷ ಕಂಬಾನ ಅಲ್ಲಿ ನಿಲ್ಲಸೂಣು" ಎಂದರು. ಆದರೆ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ಸಬ್ಸಿಡಿ ಹಿಂದಕ್ಕೆ ಹೋಗುತ್ತಿತ್ತು. ರೊಕ್ಕಕ್ಕೂ ಗಾಳಿಯಂತೆಯೇ ಒಂದು ಹಂಗಾಮು ಇರುತ್ತದೆ. ಅವೆರಡನ್ನೂ ಒಂದೇ ದಿನಕ್ಕೆ ತಂದು ನಿಲ್ಲಿಸುವವನೇ ಈ ದಂಧೆಯಲ್ಲಿ ಜಾಣ. ಸಾಹೇಬರು ಒಪ್ಪಿದರು.

ಗಾಳಿಯಂತ್ರ ನಿಂತದ್ದು ಜೋಳದ ರಾಶಿಯ ಹೊತ್ತಿಗೆ. ಮೂಡಗಾಳಿ ಬೀಸುತ್ತಿತ್ತು. ರೆಕ್ಕೆಗಳು ತಿರುಗಿದವು, ನೀರು ಬಂತು, ಊರಿಗೆ ಊರೇ ಕುಣಿಯಿತು. ಕಣದ ನಡುವೆ ದನ ಕಟ್ಟಿ ತುಳಿಸುವ ಕಂಬಕ್ಕೆ ನಮ್ಮಲ್ಲಿ ಮೇಟಿ ಎನ್ನುತ್ತಾರೆ. ರಾಶಿಯ ದಿನ ಅದಕ್ಕೆ ಪೂಜೆ. ಆ ವರ್ಷ ಮೇಟಿಯ ಜೊತೆ ಗಾಳಿಯಂತ್ರಕ್ಕೂ ಪೂಜೆಯಾಯಿತು. ಗಂಡಸರು ಕಾಯಿ ಒಡೆದರು. ಹೆಂಗಸರು ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸಿ, ಕುಬಸದ ಬಟ್ಟೆ ಸುತ್ತಿದರು. ನಾನೂ ಹೋಗಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಗುಡ್ಡ ಹತ್ತಿ ಮನೆಗೆ ಬಂದೆ. ಸಂಜೆಗೆ ಗಾಳಿ ಇಳಿದು ಕಂಬದ ತಂತಿ ಕೂಡ ಸುಮ್ಮನಾಗಿತ್ತು.

ಯುಗಾದಿ ದಾಟಿತು, ಬಿಸಿಲು ಏರಿತು. ಗಾಳಿ ದಿಕ್ಕು ಬದಲಿಸಿ ಪಡುವಣದಿಂದ ಬರತೊಡಗಿತು. ಕಣ ಗುಡ್ಡದ ಮೂಡಣ ಮಗ್ಗುಲಲ್ಲಿದೆ. ಪಡುಗಾಳಿಗೂ ಅದಕ್ಕೂ ನಡುವೆ ಗುಡ್ಡವೇ ಗೋಡೆ. ರಾಶಿಗೆ ಮೂಡಗಾಳಿ ಸಾಕು, ಅದಕ್ಕೇ ಹಿರಿಯರು ಕಣವನ್ನು ಅಲ್ಲಿ ಮಾಡಿದ್ದರು. ಅವರು ಬೇಸಿಗೆಯಲ್ಲಿ ಅಲ್ಲಿ ತೂರುವುದೇನಿತ್ತು? ಕೊಡಪಾನಗಳ ಸಾಲು ಬೆಳೆದ ತಿಂಗಳಲ್ಲೇ ಗಾಳಿಯಂತ್ರ ನಿಂತುಬಿಟ್ಟಿತು. ನಾನು ಅಂಗಳದಲ್ಲಿ ನಿಂತರೆ ಎರಡೂ ಕಾಣುತ್ತಿದ್ದವು. ಹಿಂದೆ ಕಂಬದ ಮೇಲೆ ಬಟ್ಟಲುಗಳು ಹುಚ್ಚು ಹಿಡಿದಂತೆ ತಿರುಗುತ್ತಿದ್ದವು. ಕೆಳಗೆ ರೆಕ್ಕೆಗಳು ಅಲ್ಲಾಡುತ್ತಿರಲಿಲ್ಲ. ಗಾಳಿ ದಿನವೂ ನನ್ನ ಬಾಗಿಲಿಗೆ ಬಂದು ಹೋಗುತ್ತಿತ್ತು. ಅದು ಬೇಕಾದವರು ಯಾರೂ ಅಲ್ಲಿರಲಿಲ್ಲ.

ಊರಿನವರು ಅದಕ್ಕೆ ಬ್ಯಾಂಕಿನ ಬಸವಣ್ಣ ಎಂದು ಹೆಸರಿಟ್ಟರು. ಪೂಜೆ ಮಾಡಬಹುದು, ಗಳೆ ಹೂಡಲು ಬರುವುದಿಲ್ಲ ಎಂದು. ದೇಸಾಯಿ ಸಾಹೇಬರು ಬಂದು ಕಣದಲ್ಲಿ ಕೂತು ಗುಡ್ಡವನ್ನೇ ನೋಡಿದರು. ಮಹಬೂಬ್ ಮಿಸ್ತ್ರಿ ಗ್ರೀಸ್ ಡಬ್ಬಿಯ ಮುಚ್ಚಳ ಹಾಕಿದ. "ಗ್ರೀಸ್‌ದು ಕೆಲಸ ಅಲ್ಲ ಸಾಬ್ ಇದು" ಎಂದ. "ಗೊತ್ತದೋ" ಎಂದರು ಸಾಹೇಬರು. ಅವತ್ತೇ ಅವರು ತೀರ್ಮಾನ ಮಾಡಿದ್ದರು: ಯಂತ್ರ ಬಿಚ್ಚಿ ಗುಡ್ಡದ ಹೆಗಲಿನ ಬೋರಿನ ಮೇಲೆ ನಿಲ್ಲಿಸಬೇಕು, ಅಂದರೆ ನನ್ನ ಅಂಗಳದ ಮುಂದೆ. ಬ್ಯಾಂಕಿನವರ ಮಾತೂ ಅಷ್ಟೇ ನೇರವಾಗಿತ್ತು. ಸಂಘದವರೆಲ್ಲ ಒಪ್ಪಿ ಸ್ಥಳ ಬದಲಿಸಿದರೆ ಸರಿ. ಇಲ್ಲವಾದರೆ ಯಂತ್ರ ಬಿಚ್ಚಿ ಚಿತ್ತಾಪುರ ತಾಲ್ಲೂಕಿನ ಬೇರೆ ಸಂಘಕ್ಕೆ ಕೊಡುವುದು. ಅಲ್ಲಿಯವರು ಕಾದು ಕೂತಿದ್ದರು. ಯಂತ್ರ ಊರು ಬಿಟ್ಟರೆ ನನ್ನ ಕಂಬವನ್ನೂ ಬಿಚ್ಚಿಕೊಂಡು ಹೋಗುತ್ತಾರೆ ಎಂದು ಮಹಬೂಬ್ ನನ್ನ ಕಿವಿಯಲ್ಲಿ ಹೇಳಿದ.

ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ನಾನು ಹೆಂಗಸರ ನಡುವೆ ಕೂತಿದ್ದೆ. ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಹಿಡಿದುಕೊಂಡಿದ್ದೆ. ಮುತ್ಯಾ ಎದ್ದು ನಿಂತರು. "ನೋಡ್ರಿ ಸಾಹೇಬ್ರ, ಅದು ಕುಂಟಾಗ್ಲಿ ಕುರುಡಾಗ್ಲಿ, ನಾವದನ್ನ ಮೇಟಿ ಮಾಡಿ ಪೂಜಿ ಮಾಡೀವಿ. ಪೂಜಿ ಮಾಡಿದ ಮೇಟಿ ಕಿತ್ತು ಇನ್ನೊಬ್ಬರ ಅಂಗಳಕ್ಕ ಕೊಟ್ರ ಕಣದ ಹುಲುಸು ಹೋಗ್ತದ. ಮುಂದಿನ ವರ್ಷ ರಾಶಿ ಕಮ್ಮಿ ಬಿದ್ರ ಯಾರು ಜವಾಬ್ದಾರಿ? ಬ್ಯಾಂಕ?"

ಗಂಡಸರೆಲ್ಲ ಹೌದ್ಹೌದು ಎಂದರು. ಜೋಶಿಯವರು ಕಾಗದ ಮಡಚತೊಡಗಿದರು. ದೇಸಾಯಿ ಸಾಹೇಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಇಂಥ ಮಾತಿಗೆ ಇಂಜಿನಿಯರಿಂಗ್‌ನಲ್ಲಿ ಉತ್ತರವಿಲ್ಲ. ನಾನು ಕಣ್ಣು ಮುಚ್ಚಿದೆ. ಬೇಡಲೂ ನಾಚಿಕೆಯಾಯಿತು. ಒಂದು ಊರಿನ ನಂಬಿಕೆಯ ಎದುರು ನನ್ನೊಬ್ಬಳ ಒಂಟಿತನವನ್ನು ಯಾವ ಮುಖದಿಂದ ದೇವರ ಮುಂದಿಡುವುದು?

ಆಗ ಮುತ್ಯಾರ ಹೆಂಡತಿ ಕಾಶಮ್ಮಾಯಿ ನನ್ನ ಪಕ್ಕದಿಂದಲೇ ಬಾಯಿ ತೆರೆದರು. ಎಲೆ ಅಡಿಕೆ ಜಗಿಯುತ್ತಿದ್ದ ಬಾಯಿ.

"ಮೇಟಿ ಅಂತ ನೀವ್ ಗಂಡಸ್ರು ಅಂತೀರಿ. ಮೇಟಿಗಿ ಯಾರರೆ ಬಳಿ ಇಡಿಸ್ತಾರೇನು? ಕುಬಸ ಉಡಿಸ್ತಾರೇನು? ನಾವು ಹೆಣ್ಮಕ್ಳು ಅದಕ್ಕ ಬಳಿ ಇಡಿಸೀವಿ, ಕುಂಕುಮ ಹಚ್ಚೀವಿ. ಅದು ಹೆಣ್ಣು."

"ನೀ ಸುಮ್ಮನ ಕುಂದ್ರು" ಎಂದರು ಮುತ್ಯಾ.

"ಹೆಣ್ಣಂದ ಮ್ಯಾಲ ತೌರಾಗ ಎಷ್ಟ್ ದಿನಾ ಕುಂದ್ರಿಸ್ಕೋತೀರಿ? ತೌರ್ಮನ್ಯಾಗ ಕೂತ ಹುಡುಗಿ ದುಡೀತಾಳೇನು? ಕುಂತೇ ಇರ್ತಾಳ. ಉಡಿ ತುಂಬಿ ಗಂಡನ ಮನೀಗಿ ಕಳಸ್ರಿ, ಹೆಂಗ ದುಡೀತಾಳ ನೋಡ್ರಿ. ಮಗಳನ್ನ ಕಳಿಸಿದ್ರ ಮನೀ ಹುಲುಸು ಹೋಗ್ತದಂದ್ರ ನಮ್ಮಪ್ಪ ನನ್ನ ನಿಮ್ಮ ಮನೀಗಿ ಕಳಸ್ತಿದ್ನೇನು?"

ಸಭೆ ನಕ್ಕಿತು. ಮುತ್ಯಾ ಮೀಸೆ ತಿರುವಿದರು. ಕಾಶಮ್ಮಾಯಿ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ದನಿ ತಗ್ಗಿಸದೆಯೇ ಅಂದರು: "ಈ ಶರಣಮ್ಮ ಗುಡ್ಡದ ಮ್ಯಾಲ ಒಬ್ಬಾಕಿನೇ ಅದಾಳ. ಹೊತ್ತಾರೆ ಗಂಟಿ ಎಷ್ಟು ಜೋರ್ ಬಾರಸ್ತಾಳ, ನನಗ ಕೆಳಗ ಕೇಳ್ತದ. ಆಕೀಗಿ ಒಬ್ಬಾಕಿ ಸೊಸಿ ಬೇಕಾಗ್ಯಾಳ."

ಇಷ್ಟು ವರ್ಷ ಆ ಗಂಟೆ ಯಾರಿಗೂ ಕೇಳಿಸುತ್ತಿಲ್ಲ ಎಂದುಕೊಂಡಿದ್ದೆ. ಸೆರಗು ಮುಖಕ್ಕೆ ಹಿಡಿದೆ.

ಒಪ್ಪಿಗೆಯಾಯಿತು. ಒಂದು ಸೋಮವಾರ ರೆಕ್ಕೆ, ಅದನ್ನು ಗಾಳಿಯ ಕಡೆ ತಿರುಗಿಸುವ ಬಾಲ, ನೀರೆತ್ತುವ ಸರಳು ಎಲ್ಲ ಬಿಚ್ಚಿ ಬಂಡಿಗಳಲ್ಲಿ ಹೇರಿದರು. ಹೆಂಗಸರು ಮೊದಲ ಬಂಡಿಯ ಮುಂದೆ ನಿಂತು ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು, ಕುಬಸದ ಬಟ್ಟೆ ಇಟ್ಟು ಉಡಿ ತುಂಬಿದರು. ಉಡಿ ಎಲ್ಲಿ ಕಟ್ಟುವುದು ಎಂದು ಜಗಳವಾಯಿತು. ನಾನು "ತಿರುಗೋದಕ್ಕ ಕಟ್ಟಬ್ಯಾಡ್ರಿ" ಎಂದು ಕೂಗಿದೆ. ಯಂತ್ರವನ್ನು ಹೊರುವ ಕಬ್ಬಿಣದ ಗೋಪುರದ ಕಾಲಿಗೆ ಕಟ್ಟಿದರು. ಮುತ್ಯಾ ಜೋಶಿಯವರನ್ನು ಮುಂದೆ ದೂಡಿ, "ರೊಕ್ಕ ಕೊಟ್ಟವ್ರು ನೀವು, ಹುಡುಗಿ ತಂದಿ ನೀವೇ. ಒಂದ್ ಹನಿ ಕಣ್ಣೀರ್ ಹಾಕ್ರಿ" ಎಂದರು.

"ಹಾಕ್ತೀನ್ರಿ. ಆದ್ರ ಹುಡುಗಿ ಮದುವಿ ಆದ ಮ್ಯಾಲೂ ಕಂತು ನಿಲ್ಲಂಗಿಲ್ಲ" ಎಂದರು ಜೋಶಿಯವರು.

ನಾನು ಮುಂದೆ ಓಡಿ ಹೊಸ್ತಿಲ ಹೊರಗೆ ಜೋಳದ ಸೇರು ಇಟ್ಟುಕೊಂಡು ಕಾದೆ. ಬಂಡಿಗಳು ಗುಡ್ಡ ಹತ್ತಿ ಬಂದವು. ಅವುಗಳ ಹಿಂದೆ ಊರಿಗೆ ಊರೇ ಬಂತು.

ಪಡುಗಾಳಿಗೆ ರೆಕ್ಕೆ ತಿರುಗಿತು. ಸರಳು ಕಟಕಟ ಎಂದಿತು. ಕೈಪಂಪು ಕೊಡದಿದ್ದ ನೀರನ್ನು ಗಾಳಿ ಎತ್ತಿ ತೊಟ್ಟಿಗೆ ಹಾಕಿತು. ಮರುದಿನದಿಂದಲೇ ಹೆಣ್ಣುಮಕ್ಕಳು ಬರತೊಡಗಿದರು. "ಅತ್ತೀ, ಸೊಸಿ ಎದ್ದಾಳೇನ್ರಿ?" ಎಂದು ದಾರಿಯಿಂದಲೇ ಕೂಗುವರು. ಗಾಳಿ ಇದ್ದರೆ "ಎದ್ದಾಳ, ಬರ್ರಿ" ಎನ್ನುತ್ತಿದ್ದೆ. ಇಲ್ಲದ ದಿನ "ಇನ್ನೂ ಮಲಗ್ಯಾಳ, ಕೂತು ಚಾ ಕುಡೀರಿ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಮಲಗಿದ ದಿನಗಳೇ ನನಗೆ ಹೆಚ್ಚು ಒಳ್ಳೆಯವಾಗಿದ್ದವು. ಕೂತವರು ಬೇಗ ಏಳುತ್ತಿರಲಿಲ್ಲ.

ಆಮೇಲೆ ಸಂಸ್ಥೆಯವರು ನನ್ನನ್ನು ಬೇರೆ ಊರುಗಳಿಗೂ ಕರೆದೊಯ್ದರು. ಜಾಗ ಆರಿಸುವ ಮುಂಚೆ ಹೆಂಗಸರ ಹತ್ತಿರ ಕೂತು ಕೇಳುವುದು ನನ್ನ ಕೆಲಸ. ನಾನು ಕೇಳುತ್ತಿದ್ದದ್ದು ಜೋಶಿಯವರ ಪ್ರಶ್ನೆಯೇ: ನೀರಿನ ತ್ರಾಸ ಯಾವಾಗ, ಆಗ ಗಾಳಿ ಎಲ್ಲಿಂದ? ಚಿತ್ತಾಪುರದ ಕಡೆ ಒಬ್ಬ ಹೊಲದ ಯಜಮಾನ, "ನನ್ನ ಹೊಲದ ಮ್ಯಾಲಿಂದ ಹೋಗೋ ಗಾಳಿ ನಂದು, ಬಾಡಿಗಿ ಕೊಡ್ರಿ" ಎಂದು ದಾರಿಗೆ ಅಡ್ಡ ಕೂತಿದ್ದ. ಅಂದು ನಾವೆಲ್ಲ ನಕ್ಕಿದ್ದೆವು. ಈಗ ನೀವು ಹೊಲದವರಿಗೆ ಬಾಡಿಗೆ ಬರೆದುಕೊಡುವುದನ್ನು ನೋಡಿದಾಗ ಅವನ ಮುಖ ನೆನಪಾಗುತ್ತದೆ.

ಕಾಲ ಸರಿಯಿತು. ತಾನೇ ಬರೆದುಕೊಳ್ಳುವ ಪೆಟ್ಟಿಗೆ ಬಂದು ನನ್ನ ಅಂಕಿಯ ಕೆಲಸ ಹೋಯಿತು. ಆಮೇಲೆ ಕಂಬವನ್ನೇ ಬಿಚ್ಚಿದರು. ಸಾಹೇಬರಿಗೆ ವರ್ಗವಾಯಿತು. ಮಹಬೂಬ್ ಮಿಸ್ತ್ರಿ ಹೋಗುವ ಮುಂಚೆ ಗಾಳಿ ಜೋರಾದಾಗ ಯಂತ್ರದ ಬಾಲ ಮಡಚಿ ನಿಲ್ಲಿಸುವುದನ್ನು, ಗ್ರೀಸ್ ಹಚ್ಚುವುದನ್ನು ನನಗೆ ಕಲಿಸಿದ. ಸೇಡಂನ ಕಚೇರಿ ಮುಚ್ಚುವವರೆಗೆ ಅದಕ್ಕೆ ಸಂಬಳ ಬಂತು, ಆಮೇಲೆ ಸುಮ್ಮನೆ ಮಾಡಿದೆ. ನಮ್ಮವರು ವಾಡಿಯಿಂದ ನಿವೃತ್ತರಾಗಿ ಬಂದು ಕೆಲವು ವರ್ಷ ಅದರ ಸದ್ದಿಗೆ ಗೊಣಗಿ, ಶಿವನ ಪಾದ ಸೇರಿದರು. ಕಾಶಮ್ಮಾಯಿಯೂ ಹೋದರು. ಕಣದ ಬಾವಿಗೆ ಕರೆಂಟಿನ ಮೋಟಾರು ಬಂತು, ಓಣಿಗಳಿಗೆ ನಲ್ಲಿ ಬಂತು. ಹೆಣ್ಣುಮಕ್ಕಳ ಸೊಂಟಕ್ಕೆ ಸುಖವಾಯಿತು. ಅದಕ್ಕೆ ನಾನು ಬೇಸರಪಡಬಾರದು, ಪಡುವುದಿಲ್ಲ. ನನ್ನ ಅಂಗಳಕ್ಕೆ ಬರುವ ಕಾಲುದಾರಿಯಲ್ಲಿ ಮಾತ್ರ ಹುಲ್ಲು ಬೆಳೆಯಿತು.

ಗಾಳಿಯಂತ್ರ ಇನ್ನೂ ಇದೆ. ಒಂದೆರಡು ರೆಕ್ಕೆ ಬಾಗಿವೆ. ಬೆಳಿಗ್ಗೆ ಪೂಜೆ ಮುಗಿಸಿ ಅದರ ಬುಡಕ್ಕೊಂದು ಹೂವಿಡುತ್ತೇನೆ. ಗಂಟೆಯನ್ನು ಈಗಲೂ ಜೋರಾಗಿಯೇ ಬಾರಿಸುತ್ತೇನೆ. ಒಬ್ಬರಿಗಾದರೂ ಅದು ಕೇಳಿಸಿತ್ತು ಎಂಬುದು ಗೊತ್ತಾದ ಮೇಲೆ ಮೆಲ್ಲಗೆ ಬಾರಿಸಲು ಮನಸ್ಸಾಗಿಲ್ಲ.

ಕರೆಂಟು ಹೋಗಲಿ ಎಂದು ನಾನು ಎಂದೂ ಬೇಡಿಕೊಂಡಿಲ್ಲ. ಗಾಳಿ ಇರಲಿ ಎಂದಷ್ಟೇ ಬೇಡುತ್ತೇನೆ. ಆದರೆ ಆಷಾಢದಲ್ಲಿ ಪಡುಗಾಳಿ ಎದ್ದಾಗ ಕೆಳಗೆ ಎಲ್ಲೋ ತಂತಿ ಹರಿದು ಮೋಟಾರು ನಿಲ್ಲುವುದುಂಟು. ಆಗ ಚಹಾದ ಪಾತ್ರೆಗೆ ಒಂದಿಷ್ಟು ನೀರು ಹೆಚ್ಚು ಹಾಕಿ ಬಾಗಿಲಲ್ಲಿ ನಿಲ್ಲುತ್ತೇನೆ. ಮೊದಲು ಕೊಡ ಕೊಡಕ್ಕೆ ತಾಗುವ ಸದ್ದು, ಆಮೇಲೆ ನಗು. ಆಮೇಲೆ ಕಾಶಮ್ಮಾಯಿಯ ಮೊಮ್ಮಗಳೋ, ಯಾರ ಮನೆಯ ಹೊಸ ಸೊಸೆಯೋ, ಹುಲ್ಲು ತುಳಿಯುತ್ತ ಕೂಗುತ್ತಾಳೆ:

"ಅತ್ತೀ, ಸೊಸಿ ಎದ್ದಾಳೇನ್ರಿ?"

"ಎದ್ದಾಳ, ಬರ್ರಿ."